ಸನದು ಕಳೆದುಕೊಂಡ ವಕೀಲ: ನಿಜಲಿಂಗಪ್ಪ ಮತ್ತು 1969ರ ಒಡಕು

1947ರಲ್ಲಿ ಮೈಸೂರಿಗೆ ಜವಾಬ್ದಾರಿ ಸರ್ಕಾರ ಬಂದಾಗಿನಿಂದ 1972ರಲ್ಲಿ ದೇವರಾಜ ಅರಸು ಅಧಿಕಾರ ಹಿಡಿಯುವವರೆಗೆ ಈ ರಾಜ್ಯದ ಮುಖ್ಯಮಂತ್ರಿ ಕುರ್ಚಿಯಲ್ಲಿ ಕೂತವರೆಲ್ಲ ಕಾನೂನು ಓದಿದವರೇ. ಕೆ.ಸಿ. ರೆಡ್ಡಿ, ಕೆಂಗಲ್ ಹನುಮಂತಯ್ಯ, ಕಡಿದಾಳ್ ಮಂಜಪ್ಪ, ಎಸ್. ನಿಜಲಿಂಗಪ್ಪ, ಬಿ.ಡಿ. ಜತ್ತಿ, ಎಸ್.ಆರ್. ಕಂಠಿ, ವೀರೇಂದ್ರ ಪಾಟೀಲ ಇವರಲ್ಲಿ ಯಾರನ್ನು ತೆಗೆದುಕೊಂಡರೂ ರಾಜಕೀಯಕ್ಕೆ ಬಂದ ದಾರಿ ಕೋರ್ಟಿನ ಅಂಗಳದ್ದು. ಜಿಲ್ಲಾ ಕೇಂದ್ರದ ಬಾರ್ ರೂಮಿನಲ್ಲಿ ಪತ್ರಿಕೆ ಓದಿ, ಗಾಂಧೀಜಿಯ ಮಾತಿಗೆ ಮನಸೋತು, ಕರಿಕೋಟು ಬಿಚ್ಚಿಟ್ಟು ಖಾದಿ ತೊಟ್ಟ ತಲೆಮಾರು ಅದು. ಈ ಏಳು ಜನರಲ್ಲಿ ಒಬ್ಬರ ಬದುಕು ಮಾತ್ರ ರಾಜ್ಯದ ಎಲ್ಲೆ ದಾಟಿ ಇಡೀ ದೇಶದ ರಾಜಕೀಯವನ್ನು ಇಬ್ಭಾಗ ಮಾಡಿದ ಪ್ರಸಂಗದ ನಡುಮಧ್ಯಕ್ಕೆ ಹೋಗಿ ನಿಂತಿತು. ಚಿತ್ರದುರ್ಗದ ವಕೀಲ ನಿಜಲಿಂಗಪ್ಪನವರ ಬದುಕು ಅದು.

ಅವರನ್ನು ನಾವು ಸಾಮಾನ್ಯವಾಗಿ ಎರಡು ತುಂಡು ಮಾಡಿ ನೆನೆಯುತ್ತೇವೆ. ನವೆಂಬರ್ ಬಂತೆಂದರೆ ಏಕೀಕರಣದ ನಾಯಕ, ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿ. ದೆಹಲಿಯ ಚರಿತ್ರೆ ಬರೆಯುವವರಿಗೆ ಇಂದಿರಾ ಗಾಂಧಿಯ ಎದುರು ಸೋತ 'ಸಿಂಡಿಕೇಟ್'ನ ಒಬ್ಬ ಮುದುಕ. ಎರಡೂ ಕಡೆ ಇರುವುದು ಒಬ್ಬನೇ ಮನುಷ್ಯ, ಒಂದೇ ಸ್ವಭಾವ. ಸಭೆ ಕರೆದು, ಠರಾವು ಮಂಡಿಸಿ, ಒಪ್ಪಿದ ಮೇಲೆ ಅದಕ್ಕೆ ಬದ್ಧನಾಗುವ ವಕೀಲಿ ಸ್ವಭಾವ ಅದು. ಅದು ಕನ್ನಡ ನಾಡನ್ನು ಕೂಡಿಸಲು ನೆರವಾಯಿತು, ಹದಿಮೂರು ವರ್ಷಗಳ ನಂತರ ಅವರನ್ನೇ ಕೈಬಿಟ್ಟಿತು. ಹೇಗೆ ಎಂಬುದು ತಿಳಿಯಬೇಕಾದರೆ ಹಿಂದಕ್ಕೆ ಹೋಗಬೇಕು.

ನಿಜಲಿಂಗಪ್ಪ ಹುಟ್ಟಿದ್ದು 1902ರ ಡಿಸೆಂಬರ್ 10ರಂದು, ಹರಪನಹಳ್ಳಿ ತಾಲ್ಲೂಕಿನ ಹಲುವಾಗಲಿನಲ್ಲಿ. ಅಂದು ಅದು ಬಳ್ಳಾರಿ ಜಿಲ್ಲೆ, ಅಂದರೆ ಮದರಾಸು ಪ್ರಾಂತ. ಓದಿದ್ದು ದಾವಣಗೆರೆ, ಚಿತ್ರದುರ್ಗ, ಆಮೇಲೆ ಬೆಂಗಳೂರಿನ ಸೆಂಟ್ರಲ್ ಕಾಲೇಜು, ಅಂದರೆ ಮಹಾರಾಜರ ಮೈಸೂರು ಸಂಸ್ಥಾನ. ಕಾನೂನು ಓದಿದ್ದು ಪುಣೆಯಲ್ಲಿ, ಅಂದರೆ ಮುಂಬಯಿ ಪ್ರಾಂತ. 1924ರಲ್ಲಿ ಬಿ.ಎ., 1926ರಲ್ಲಿ ಕಾನೂನು ಪದವಿ. ಒಬ್ಬ ಹುಡುಗ ಹುಟ್ಟಿ, ಓದಿ, ಹೊಟ್ಟೆಪಾಡು ಹುಡುಕಿಕೊಳ್ಳುವಷ್ಟರಲ್ಲಿ ಮೂರು ಸರ್ಕಾರಗಳ ಗಡಿ ದಾಟಿಯಾಗಿತ್ತು. ಮೂರೂ ಕಡೆ ಕನ್ನಡ ಮಾತನಾಡುವ ಜನರಿದ್ದರು, ಅವರನ್ನು ಆಳುವವರು ಮಾತ್ರ ಬೇರೆಬೇರೆ. ಏಕೀಕರಣ ಎಂಬುದು ಅವರಿಗೆ ಭಾವಗೀತೆಯ ವಿಷಯವಾಗುವ ಮೊದಲೇ ಬದುಕಿನ ಅನುಭವವಾಗಿತ್ತು ಎಂದು ನನಗೆ ಅನ್ನಿಸುವುದು ಇದಕ್ಕೇ.

ವಕೀಲಿಕೆ ಶುರುವಾದದ್ದು ಚಿತ್ರದುರ್ಗದಲ್ಲಿ. ಹತ್ತು ವರ್ಷ ಅದೇ ಕಸುಬು. 1936ರ ಸುಮಾರಿಗೆ ಸೇವಾದಳದ ಡಾ. ನಾ.ಸು. ಹರ್ಡೀಕರರ ಸಂಪರ್ಕ ಬಂತು, ಕಾಂಗ್ರೆಸ್ಸಿನ ಸಂಘಟನೆಯ ಕೆಲಸ ಹೆಗಲಿಗೆ ಬಿತ್ತು. ಸಂಸ್ಥಾನದ ರಾಜಕೀಯಕ್ಕೂ ಅದು ಕಾವೇರುತ್ತಿದ್ದ ಕಾಲ. 1938ರ ಏಪ್ರಿಲ್‌ನಲ್ಲಿ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು, ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಗುಂಡು ಹಾರಿ ಜನ ಸತ್ತರು. ಮಹಾರಾಜರ ಆಳ್ವಿಕೆಯ ಬಗ್ಗೆ ಒಳ್ಳೆಯ ಮಾತನ್ನೇ ಕೇಳಿ ಬೆಳೆದಿದ್ದ ಮೈಸೂರಿನ ಜನಕ್ಕೆ ಇದು ದೊಡ್ಡ ಪೆಟ್ಟು. ಮುಂದಿನ ವರ್ಷ ಚಿತ್ರದುರ್ಗದ ಸರದಿ ಬಂತು.

ಅಂದಿನ ಸಂಸ್ಥಾನಕ್ಕೆ ಹೆಂಡದ ಅಬಕಾರಿ ಒಂದು ಮುಖ್ಯ ಆದಾಯ. ಈಚಲು ಮರಗಳು ಸರ್ಕಾರದ ಸ್ವತ್ತು, ಅವುಗಳಿಂದ ಇಳಿಸಿದ ಹೆಂಡ ಗುತ್ತಿಗೆದಾರರ ಮೂಲಕ ಹಳ್ಳಿಹಳ್ಳಿಗೂ ಹರಿಯುತ್ತಿತ್ತು. ಬಡವನ ಕೂಲಿ ಅದೇ ದಾರಿಯಲ್ಲಿ ಖಜಾನೆ ಸೇರುತ್ತಿತ್ತು. ಗಾಂಧೀಜಿಯ ಪಾನವಿರೋಧವನ್ನೂ ಸರ್ಕಾರದ ವಿರುದ್ಧದ ಪ್ರತಿಭಟನೆಯನ್ನೂ ಒಂದೇ ಏಟಿಗೆ ಕೂಡಿಸಲು 1939ರಲ್ಲಿ ಆರಿಸಿಕೊಂಡ ಜಾಗ ಚಿತ್ರದುರ್ಗದ ಬಳಿಯ ತುರುವನೂರು. ಕಾರ್ಯಕ್ರಮ ಬಹಳ ಸರಳ: ಕೊಡಲಿ ಹಿಡಿದು ಮೆರವಣಿಗೆಯಲ್ಲಿ ಹೋಗುವುದು, ಈಚಲು ಮರಗಳನ್ನು ಕಡಿಯುವುದು, ಪೊಲೀಸರು ಬಂದರೆ ಕೈಕೊಟ್ಟು ಜೈಲಿಗೆ ನಡೆಯುವುದು. ಉಪ್ಪು ಮಾಡಲು ಸಮುದ್ರವಿಲ್ಲದ ಬಯಲುಸೀಮೆಯ ಜನರು ಕಾನೂನು ಮುರಿಯಲು ಕಂಡುಕೊಂಡ ದಾರಿ ಇದು. ಊರಿಗೆ ಊರೇ ಎದ್ದು ನಿಂತಿತು. ಮುಂದಾಳುಗಳಲ್ಲೊಬ್ಬರಾದ ನಿಜಲಿಂಗಪ್ಪನವರಿಗೆ ಜೈಲುಶಿಕ್ಷೆಯಾಯಿತು, ವಕೀಲಿಕೆಯ ಸನದು ರದ್ದಾಯಿತು.

ಈ ಸನದು ರದ್ದತಿಯನ್ನು ಚರಿತ್ರೆಕಾರರು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತಾರೆ. ನನ್ನ ಮಟ್ಟಿಗೆ ಅದು ಅವರ ಬದುಕಿನ ಮೊದಲ ದೊಡ್ಡ ತಿರುವು. ಜೈಲಿಗೆ ಹೋಗಿ ಬಂದ ವಕೀಲರು ಮತ್ತೆ ಕೋಟು ತೊಟ್ಟು ಕಕ್ಷಿದಾರರನ್ನು ನೋಡಬಹುದಿತ್ತು. ಮೂವತ್ತೇಳರ ವಯಸ್ಸಿನಲ್ಲಿ, ಸಂಸಾರ ಹೊತ್ತ ಮನುಷ್ಯನಿಗೆ ಕಸುಬೇ ಇಲ್ಲವಾದಾಗ ಉಳಿದದ್ದು ಸಾರ್ವಜನಿಕ ಬದುಕು ಮಾತ್ರ. ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಮತ್ತೆ ಜೈಲು. 1946ಕ್ಕೆ ಅವರು ಕರ್ನಾಟಕ ಪ್ರದೇಶ ಕಾಂಗ್ರೆಸ್ ಸಮಿತಿಯ ಅಧ್ಯಕ್ಷರು.

ಆ ಸಮಿತಿಗೆ ಒಂದು ವಿಶೇಷವಿತ್ತು. 1920ರ ನಾಗಪುರ ಅಧಿವೇಶನದಲ್ಲಿ ಕಾಂಗ್ರೆಸ್ ತನ್ನ ಪ್ರಾಂತಗಳನ್ನು ಭಾಷೆಯ ಮೇಲೆ ವಿಂಗಡಿಸಿಕೊಂಡಿತ್ತು. ಹೀಗಾಗಿ ಬ್ರಿಟಿಷರ ನಕ್ಷೆಯಲ್ಲಿ ಇಲ್ಲದ ಕರ್ನಾಟಕ ಕಾಂಗ್ರೆಸ್ಸಿನ ನಕ್ಷೆಯಲ್ಲಿ ಆಗಲೇ ಇತ್ತು. ಧಾರವಾಡ, ಬಿಜಾಪುರ, ಬೆಳಗಾವಿ, ಬಳ್ಳಾರಿ, ಮಂಗಳೂರುಗಳ ಕಾಂಗ್ರೆಸ್ಸಿಗರು ಒಂದೇ ಸಭೆಯಲ್ಲಿ ಕೂತು ಜಗಳವಾಡಿ ರೂಢಿಯಾಗಿತ್ತು. ಸಂವಿಧಾನ ಸಭೆಗೆ ಚಿತ್ರದುರ್ಗದ ಈ ವಕೀಲರು ಆಯ್ಕೆಯಾದದ್ದು ಮುಂಬಯಿ ಪ್ರಾಂತದ ಪಟ್ಟಿಯಿಂದ. ಕೆಂಗಲ್ ಹನುಮಂತಯ್ಯ, ಕೆ.ಸಿ. ರೆಡ್ಡಿ ಅವರು ಮೈಸೂರು ಸಂಸ್ಥಾನದ ಪ್ರತಿನಿಧಿಗಳಾಗಿ ಅದೇ ಸಭೆಯಲ್ಲಿದ್ದರು. 1952ರಲ್ಲಿ ನಿಜಲಿಂಗಪ್ಪ ಚಿತ್ರದುರ್ಗದಿಂದ ಮೊದಲ ಲೋಕಸಭೆಗೆ ಹೋದರು.

ಸ್ವಾತಂತ್ರ್ಯ ಬಂದೊಡನೆ ಭಾಷಾವಾರು ಪ್ರಾಂತ ಕೈಗೆ ಬರುತ್ತದೆ ಎಂದು ನಂಬಿದ್ದವರಿಗೆ ದೆಹಲಿ ನಿರಾಸೆ ಮಾಡಿತು. 1948ರ ಕೊನೆಗೆ ಧರ್ ಆಯೋಗ ಬೇಡವೆಂದಿತು. 1949ರಲ್ಲಿ ಜವಾಹರಲಾಲ್, ವಲ್ಲಭಭಾಯಿ, ಪಟ್ಟಾಭಿ ಅವರ ಸಮಿತಿ ಈಗಲೇ ಬೇಡವೆಂದಿತು. ದೇಶ ವಿಭಜನೆಯ ಗಾಯ ಹಸಿಯಾಗಿದ್ದ ದಿನಗಳಲ್ಲಿ ಮತ್ತೆ ನಕ್ಷೆ ಬದಲಿಸಲು ನೆಹರೂ ಹಿಂಜರಿದದ್ದು ತಿಳಿಯಲಾರದ ಮಾತೇನಲ್ಲ. ಆದರೆ 1952ರ ಡಿಸೆಂಬರ್‌ನಲ್ಲಿ ಪೊಟ್ಟಿ ಶ್ರೀರಾಮುಲು ಉಪವಾಸದಲ್ಲಿ ಪ್ರಾಣ ಬಿಟ್ಟರು, ಆಂಧ್ರಕ್ಕೆ ರಾಜ್ಯ ಸಿಕ್ಕಿತು. ಠರಾವು, ಮನವಿ ಎನ್ನುತ್ತಾ ಕೂತಿದ್ದ ಕರ್ನಾಟಕದ ಕಾಂಗ್ರೆಸ್ಸಿಗರ ಮೇಲೆ ಜನರ ಸಿಟ್ಟು ತಿರುಗಿದ್ದು ಆಗ. 1953ರಲ್ಲಿ ಹುಬ್ಬಳ್ಳಿ ಹತ್ತಿರದ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು ಉಪವಾಸಕ್ಕೆ ಕೂತರು. ಏಪ್ರಿಲ್‌ನಲ್ಲಿ ಪ್ರದೇಶ ಕಾಂಗ್ರೆಸ್ ಸಮಿತಿ ಹುಬ್ಬಳ್ಳಿಯಲ್ಲಿ ಸೇರಿದಾಗ ಬೀದಿ ತುಂಬ ಜನ, ಕಲ್ಲು ತೂರಾಟ, ಗೋಲಿಬಾರ್. ಕಾಂಗ್ರೆಸ್ ನಾಯಕರು ತಮ್ಮದೇ ಜನರ ಸಿಟ್ಟಿಗೆ ಸಿಕ್ಕಿಬಿದ್ದರು.

ನಿಜಲಿಂಗಪ್ಪನವರು ಹೈಕಮಾಂಡಿನ ವಿರುದ್ಧ ಬಂಡೇಳಲಿಲ್ಲ. ಏಕೀಕರಣದ ಬೇರೆ ಹೋರಾಟಗಾರರು ಅವರನ್ನು ಮೆತ್ತಗಿನವರು ಎಂದು ದೂರಿದ್ದಕ್ಕೆ ಇದೇ ಕಾರಣ. ಪಕ್ಷದೊಳಗೇ ಇದ್ದು, ಅದರ ನಿಯಮದೊಳಗೇ ಒತ್ತಡ ಹಾಕುವುದು ಅವರ ದಾರಿ. ಆ ದಾರಿಗೆ ಫಲ ಸಿಕ್ಕಿದ್ದು ರಾಜ್ಯಗಳ ಪುನರ್ವಿಂಗಡಣೆಗೆಂದು ಫಜಲ್ ಅಲಿ ಆಯೋಗ ಬಂದ ಮೇಲೆ. ಆಯೋಗದ ಮುಂದೆ ಹೋಗಬೇಕಾದದ್ದು ಘೋಷಣೆಗಳಲ್ಲ. ಜನಗಣತಿಯ ಅಂಕಿ, ತಾಲ್ಲೂಕಿನ ನಕ್ಷೆ, ನೀರಾವರಿಯ ಲೆಕ್ಕ. ವಕೀಲರಿಗೆ ಒಗ್ಗುವ ಅಖಾಡ ಅದು. 1955ರಲ್ಲಿ ಆಯೋಗ ಕನ್ನಡ ರಾಜ್ಯಕ್ಕೆ ಶಿಫಾರಸು ಮಾಡಿತು. ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ಭಾಗಗಳನ್ನು ಆಂಧ್ರಕ್ಕೆ ಕೊಡಬೇಕೆಂದ ಅದರ ಸಲಹೆಯನ್ನು ಕೇಂದ್ರ ಕೊನೆಗೆ ಒಪ್ಪಲಿಲ್ಲ, ಕಾಸರಗೋಡು ಮಾತ್ರ ಕೇರಳಕ್ಕೆ ಹೋಯಿತು.

ಆಗ ಎದುರಾದ ಅಡ್ಡಿ ಹೊರಗಿನದಲ್ಲ, ಮನೆಯೊಳಗಿನದು. ಹಳೆ ಮೈಸೂರಿನ ಅನೇಕ ಶಾಸಕರಿಗೆ ಏಕೀಕರಣವೇ ಬೇಡವಾಗಿತ್ತು. ಅಣೆಕಟ್ಟು, ವಿದ್ಯುತ್ತು, ಕಾರ್ಖಾನೆ, ವಿಶ್ವವಿದ್ಯಾನಿಲಯ ಎಲ್ಲ ಇರುವ ಮೈಸೂರು ಬರದ ಜಿಲ್ಲೆಗಳ ಭಾರ ಯಾಕೆ ಹೊರಬೇಕು ಎಂಬುದು ಬಾಯಲ್ಲಿ ಆಡುತ್ತಿದ್ದ ಮಾತು. ಉತ್ತರದ ಜಿಲ್ಲೆಗಳು ಸೇರಿದರೆ ಲಿಂಗಾಯತರ ಸಂಖ್ಯೆ ಹೆಚ್ಚಿ ಒಕ್ಕಲಿಗರ ಹಿಡಿತ ಸಡಿಲವಾಗುತ್ತದೆ ಎಂಬುದು ಮನಸ್ಸಿನೊಳಗಿನ ಲೆಕ್ಕ. ಮೈಸೂರು ರಾಜಕೀಯವನ್ನು ಆಳವಾಗಿ ಅಭ್ಯಾಸ ಮಾಡಿದ ಜೇಮ್ಸ್ ಮ್ಯಾನರ್ ಅಂಥವರು ಈ ಜಾತಿಲೆಕ್ಕಕ್ಕೆ ತೂಕ ಕೊಡುತ್ತಾರೆ. ಕನ್ನಡದ ಲೇಖಕರು ಭಾಷಾಪ್ರೇಮಕ್ಕೆ ತೂಕ ಕೊಡುತ್ತಾರೆ. ಎರಡೂ ನಿಜ. ಒಂದನ್ನು ಒಪ್ಪಿದರೆ ಇನ್ನೊಂದು ಸುಳ್ಳಾಗುವುದಿಲ್ಲ. ಈ ವಿಷಯದಲ್ಲಿ ಕೆಂಗಲ್ ಹನುಮಂತಯ್ಯನವರಿಗೆ ಸಲ್ಲಬೇಕಾದ ಗೌರವ ಸಲ್ಲಲೇಬೇಕು. ಮೈಸೂರಿನ ಮುಖ್ಯಮಂತ್ರಿಯಾಗಿ, ಏಕೀಕರಣವಾದರೆ ತಮ್ಮ ಕುರ್ಚಿಗೇ ಸಂಚಕಾರ ಎಂದು ತಿಳಿದೂ ಅವರು ಅದನ್ನು ಬೆಂಬಲಿಸಿದರು. 1956ರ ಆಗಸ್ಟ್‌ನಲ್ಲಿ ಅಧಿಕಾರ ಕಳೆದುಕೊಂಡರು. ಕಡಿದಾಳ್ ಮಂಜಪ್ಪನವರು ಹಳೆಯ ಮೈಸೂರಿನ ಕೊನೆಯ ಎರಡೂವರೆ ತಿಂಗಳು ಆಡಳಿತ ನಡೆಸಿದರು. 1956ರ ನವೆಂಬರ್ 1ರಂದು ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ಬೆಂಗಳೂರಿಗೆ ಬಂದು ಹೊಸ ರಾಜ್ಯವನ್ನು ಉದ್ಘಾಟಿಸಿದರು. ಹಿಂದಿನ ಮಹಾರಾಜ ಜಯಚಾಮರಾಜ ಒಡೆಯರು ರಾಜ್ಯಪಾಲರು, ಹಿಂದೆ ಅದೇ ಸಂಸ್ಥಾನದಲ್ಲಿ ಸನದು ಕಳೆದುಕೊಂಡಿದ್ದ ವಕೀಲರು ಮುಖ್ಯಮಂತ್ರಿ.

ಮುಖ್ಯಮಂತ್ರಿಯಾಗಿ ಅವರ ಮೊದಲ ಅವಧಿ ಚಿಕ್ಕದು. ಹತ್ತೊಂಬತ್ತು ಜಿಲ್ಲೆಗಳ, ನಾಲ್ಕೈದು ಬಗೆಯ ಕಂದಾಯ ಪದ್ಧತಿಗಳ, ಬೇರೆಬೇರೆ ಸಂಬಳ ಮತ್ತು ಬಡ್ತಿ ನಿಯಮಗಳ ನೌಕರರ ರಾಜ್ಯವನ್ನು ಒಂದು ಕಡತಕ್ಕೆ ತರುವ ಕೆಲಸ ಅದು. ಪಕ್ಷದೊಳಗಿನ ಬಣಗಳು ಅಷ್ಟರಲ್ಲೇ ಮಗ್ಗುಲು ಬದಲಿಸಿದವು. 1958ರ ಮೇ ತಿಂಗಳಲ್ಲಿ ಅವರು ಇಳಿದರು, ಬಿ.ಡಿ. ಜತ್ತಿ ಬಂದರು.

1962ರ ಚುನಾವಣೆಯಲ್ಲಿ ನಡೆದದ್ದು ಇಂದಿನ ಓದುಗರಿಗೆ ಕಥೆಯಂತೆ ಕೇಳಬಹುದು. ಕಾಂಗ್ರೆಸ್ 208ರಲ್ಲಿ 138 ಸ್ಥಾನ ಗೆದ್ದಿತು, ಮುಖ್ಯಮಂತ್ರಿಯಾಗಬೇಕಿದ್ದ ನಿಜಲಿಂಗಪ್ಪ ಮಾತ್ರ ತಮ್ಮ ಜಿಲ್ಲೆಯ ಹೊಸದುರ್ಗದಲ್ಲಿ ಪ್ರಜಾ ಸೋಷಲಿಸ್ಟ್ ಪಕ್ಷದ ಜಿ.ಟಿ. ರಂಗಪ್ಪನವರ ಎದುರು ಸೋತರು. ಎಸ್.ಆರ್. ಕಂಠಿಯವರು ಮುಖ್ಯಮಂತ್ರಿಯಾದರು. ಬಾಗಲಕೋಟೆಯ ಶಾಸಕ ಬಿ.ಟಿ. ಮುರನಾಳರು ರಾಜೀನಾಮೆ ಕೊಟ್ಟು ಸ್ಥಾನ ತೆರವು ಮಾಡಿದರು, ನಿಜಲಿಂಗಪ್ಪ ಅಲ್ಲಿಂದ ಅವಿರೋಧವಾಗಿ ಆಯ್ಕೆಯಾದರು. ಕಂಠಿಯವರು ಜೂನ್‌ನಲ್ಲಿ ಕುರ್ಚಿ ಬಿಟ್ಟುಕೊಟ್ಟು ಅವರದೇ ಸಂಪುಟದಲ್ಲಿ ಮಂತ್ರಿಯಾದರು. ಮಾತು ಕೊಟ್ಟಂತೆ ನಡೆದುಕೊಳ್ಳುವುದು ಆಗಿನ ರಾಜಕೀಯದಲ್ಲಿ ಸಾಧ್ಯವಿತ್ತು. ಇದರಲ್ಲಿ ನಾವು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಚಿತ್ರದುರ್ಗದ ಮನುಷ್ಯನನ್ನು ಗೆಲ್ಲಿಸಿದ್ದು ಆರು ವರ್ಷದ ಹಿಂದಿನವರೆಗೆ ಮುಂಬಯಿಗೆ ಸೇರಿದ್ದ ಬಾಗಲಕೋಟೆ. ಏಕೀಕರಣ ಬೇರೂರಿದ್ದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

1962ರಿಂದ 68ರವರೆಗಿನ ಆರು ವರ್ಷಗಳು ಅವರ ಆಡಳಿತದ ಮುಖ್ಯ ಕಾಲ. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು ಮುಗಿದು ವಿದ್ಯುತ್ತು ಬಂತು, ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರಲ್ಲಿ ಅಡಿಗಲ್ಲು ಬಿತ್ತು, ಹೆಬ್ಬಾಳದ ಕೃಷಿ ವಿಶ್ವವಿದ್ಯಾನಿಲಯ ಮತ್ತು ಬೆಂಗಳೂರು ವಿಶ್ವವಿದ್ಯಾನಿಲಯ ಎರಡೂ ಅದೇ ವರ್ಷ ತಲೆಯೆತ್ತಿದವು. ಶರಾವತಿಯ ನೀರಿನಡಿ ಮನೆಮಠ ಕಳೆದುಕೊಂಡ ಮಲೆನಾಡಿನವರಿಗೆ ನ್ಯಾಯ ಇಂದಿಗೂ ಪೂರ್ತಿ ಸಿಕ್ಕಿಲ್ಲ ಎಂಬುದನ್ನೂ ಈ ಸಾಧನೆಯ ಜೊತೆಯಲ್ಲೇ ಬರೆಯಬೇಕು.

ಗಡಿಯ ವಿಷಯದಲ್ಲಿ ಅವರ ವಕೀಲಿ ಸ್ವಭಾವ ಮತ್ತೆ ಎದ್ದು ಕಂಡಿತು. ಬೆಳಗಾವಿ ತನ್ನದೆಂದು ಮಹಾರಾಷ್ಟ್ರ ಹಟ ಹಿಡಿದು, ಸೇನಾಪತಿ ಬಾಪಟ್ ಉಪವಾಸ ಕೂತಾಗ 1966ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್‌ಚಂದ್ ಮಹಾಜನರ ಏಕಸದಸ್ಯ ಆಯೋಗ ನೇಮಿಸಿತು. ಗಡಿ 1956ರಲ್ಲೇ ಇತ್ಯರ್ಥವಾಗಿದೆ ಎಂಬುದು ಮೈಸೂರಿನ ನಿಲುವು. ಆದರೂ ಆಯೋಗದ ಮುಂದೆ ವಾದ ಹೂಡಲು ನಿಜಲಿಂಗಪ್ಪ ಒಪ್ಪಿದರು. ಮಹಾರಾಷ್ಟ್ರವೇ ಕೇಳಿದ್ದ ಆಯೋಗ ಅದು. 1967ರಲ್ಲಿ ಬಂದ ವರದಿ ಎರಡೂ ಕಡೆಗೆ ಸುಮಾರು 250ರಂತೆ ಹಳ್ಳಿಗಳ ಅದಲುಬದಲು ಹೇಳಿತು, ಬೆಳಗಾವಿಯನ್ನು ಮೈಸೂರಿನಲ್ಲೇ ಉಳಿಸಿತು, ಕಾಸರಗೋಡಿನ ಉತ್ತರ ಭಾಗವನ್ನು ಮೈಸೂರಿಗೆ ಕೊಡಬೇಕೆಂದಿತು. ಮೈಸೂರು ಒಪ್ಪಿತು. ಮಹಾರಾಷ್ಟ್ರ ತಿರಸ್ಕರಿಸಿತು, ಕೇರಳವೂ ಒಪ್ಪಲಿಲ್ಲ. ಅಂದಿನಿಂದ ಇಂದಿನವರೆಗೆ ಕರ್ನಾಟಕದ ಎಲ್ಲ ಸರ್ಕಾರಗಳೂ, ಪಕ್ಷ ಯಾವುದೇ ಇರಲಿ, ಮಹಾಜನ ವರದಿಯೇ ಅಂತಿಮ ಎನ್ನುತ್ತಾ ಬಂದಿವೆ. ಆ ನಿಲುವಿಗೆ ಬುನಾದಿ ಹಾಕಿದ್ದು ನಿಜಲಿಂಗಪ್ಪ.

1967ರ ಚುನಾವಣೆ ದೇಶದ ಕಾಂಗ್ರೆಸ್ಸಿಗೆ ಬರಸಿಡಿಲಿನಂತೆ ಬಂತು. ಲೋಕಸಭೆಯಲ್ಲಿ 283 ಸ್ಥಾನಕ್ಕೆ ಇಳಿಯಿತು, ಹಲವು ರಾಜ್ಯಗಳು ಕೈತಪ್ಪಿದವು, ಕಾಮರಾಜರಂಥವರೇ ಸೋತರು. ಮೈಸೂರಿನಲ್ಲಿ ಪಕ್ಷ ಉಳಿಯಿತು. ಕಾಮರಾಜರ ನಂತರ ಪಕ್ಷದ ಅಧ್ಯಕ್ಷರು ಯಾರು ಎಂಬ ಪ್ರಶ್ನೆ ಬಂದಾಗ ಇಂದಿರಾ ಗಾಂಧಿಯವರಿಗೂ ಹಿರಿಯರ ಕೂಟಕ್ಕೂ ಒಪ್ಪಿಗೆಯಾದ ಹೆಸರು ನಿಜಲಿಂಗಪ್ಪ. 1968ರ ಜನವರಿಯಲ್ಲಿ ಹೈದರಾಬಾದ್ ಅಧಿವೇಶನಕ್ಕೆ ಅವರೇ ಅಧ್ಯಕ್ಷರು. ಮೇ ತಿಂಗಳಲ್ಲಿ ಮುಖ್ಯಮಂತ್ರಿ ಸ್ಥಾನವನ್ನು ವೀರೇಂದ್ರ ಪಾಟೀಲರಿಗೆ ಬಿಟ್ಟು ದೆಹಲಿಗೆ ಹೋದರು. ಇಬ್ಬರಿಗೂ ಬೇಕಾದವರೆಂದು ಹೋದವರು ಇಬ್ಬರ ನಡುವೆ ಸಿಕ್ಕಿಕೊಂಡರು.

ಅವರು ಅಲ್ಲಿ ನಿಷ್ಪಕ್ಷಪಾತಿಯಾಗಿದ್ದರು ಎಂದು ನಾನು ಹೇಳುವುದಿಲ್ಲ. ಪತ್ರಕರ್ತರು ಸಿಂಡಿಕೇಟ್ ಎಂದು ಕರೆಯುತ್ತಿದ್ದ ಕಾಮರಾಜ್, ಎಸ್.ಕೆ. ಪಾಟೀಲ್, ಅತುಲ್ಯ ಘೋಷ್, ಸಂಜೀವ ರೆಡ್ಡಿ ಅವರ ಕೂಟಕ್ಕೆ ಅವರು ಹಳೆಯ ಸದಸ್ಯರು. ಇಂದಿರಾ ಪ್ರಧಾನಿಯಾಗಿ ಮುಂದುವರಿಯಲು ಯೋಗ್ಯರೇ ಎಂಬ ಸಂದೇಹವನ್ನು 1969ರ ಮಾರ್ಚ್‌ನಲ್ಲೇ ತಮ್ಮ ದಿನಚರಿಯಲ್ಲಿ ಬರೆದುಕೊಂಡಿದ್ದರು. ಏಪ್ರಿಲ್‌ನ ಫರೀದಾಬಾದ್ ಅಧಿವೇಶನದಲ್ಲಿ ಅಧ್ಯಕ್ಷ ಭಾಷಣ ಮಾಡುತ್ತಾ ಸರ್ಕಾರಿ ಉದ್ದಿಮೆಗಳ ಅದಕ್ಷತೆಯನ್ನು ಟೀಕಿಸಿದರು. ಪ್ರಧಾನಿ ಅದೇ ಅಧಿವೇಶನದಲ್ಲಿ ಅವುಗಳನ್ನು ಸಮರ್ಥಿಸಿದರು. ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನ್ ಅಕಾಲದಲ್ಲಿ ತೀರಿಕೊಂಡರು. ಮುಂದಿನ ರಾಷ್ಟ್ರಪತಿ ಯಾರು ಎಂಬುದೇ ಬಲಾಬಲದ ಪರೀಕ್ಷೆಯಾಯಿತು.

ಆ ಪರೀಕ್ಷೆ ಶುರುವಾದದ್ದು ಬೆಂಗಳೂರಿನಲ್ಲಿ. 1969ರ ಜುಲೈ ಎರಡನೇ ವಾರ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿ ಸೇರಿತು. ಫಲಪುಷ್ಪ ಪ್ರದರ್ಶನಕ್ಕೆ ಹೆಸರಾದ ಆ ಕಬ್ಬಿಣ-ಗಾಜಿನ ಮಂಟಪದಡಿ ದೇಶದ ಮೂಲೆಮೂಲೆಯಿಂದ ಬಂದ ಖಾದಿಧಾರಿಗಳು. ಅಧ್ಯಕ್ಷರಿಗೆ ಇದು ತವರಿನ ಸಭೆ. ಮೊದಲ ದಿನ ಪ್ರಧಾನಿ ಬರಲಿಲ್ಲ. ಫಕ್ರುದ್ದೀನ್ ಅಲಿ ಅಹಮದರ ಕೈಯಲ್ಲಿ ಒಂದು ಟಿಪ್ಪಣಿ ಬಂತು. ಹೊಳೆದಂತೆ ಬರೆದ ಕೆಲವು ವಿಚಾರಗಳು ಎಂಬ ವಿನಯದ ರೂಪದಲ್ಲಿದ್ದ ಆ ಹಾಳೆಗಳಲ್ಲಿ ಬ್ಯಾಂಕ್ ರಾಷ್ಟ್ರೀಕರಣದ ಮಾತಿತ್ತು. ಸಭೆ ಅದರ ಆಶಯವನ್ನು ಒಪ್ಪಿ ಠರಾವು ಮಾಡಿತು. ಹಿರಿಯರು ಅಲ್ಲಿ ಎದುರಾಡಲಿಲ್ಲ. ಅವರ ಗಮನವೆಲ್ಲ ಜುಲೈ 12ರ ಸಂಸದೀಯ ಮಂಡಳಿಯ ಮೇಲಿತ್ತು. ಅಲ್ಲಿ ರಾಷ್ಟ್ರಪತಿ ಅಭ್ಯರ್ಥಿಯಾಗಿ ಇಂದಿರಾ ಜಗಜೀವನ್ ರಾಮ್ ಹೆಸರು ಮುಂದಿಟ್ಟರು, ಇನ್ನೊಂದು ಬಣ ಸಂಜೀವ ರೆಡ್ಡಿ ಎಂದಿತು. ಮತಕ್ಕೆ ಹಾಕಿದಾಗ 4-2. ರೆಡ್ಡಿ ಗೆದ್ದರು. ನಿಯಮದ ಪ್ರಕಾರ ವಿಷಯ ಅಲ್ಲಿಗೆ ಮುಗಿದಿತ್ತು. ಇಂದಿರಾ ಸ್ವತಃ ರೆಡ್ಡಿಯವರ ನಾಮಪತ್ರಕ್ಕೆ ಸಹಿ ಹಾಕಿದರು.

ದೆಹಲಿಗೆ ಹಿಂದಿರುಗಿದ ಕೂಡಲೇ ಅವರು ಆಟದ ಅಂಗಳವನ್ನೇ ಬದಲಿಸಿದರು. ಜುಲೈ 16ರಂದು ಮೊರಾರ್ಜಿ ದೇಸಾಯಿಯವರ ಹಣಕಾಸು ಖಾತೆ ಹೋಯಿತು. 19ರಂದು ಸುಗ್ರೀವಾಜ್ಞೆ ಬಂತು, 14 ದೊಡ್ಡ ಬ್ಯಾಂಕುಗಳು ಸರ್ಕಾರದ ಕೈಸೇರಿದವು. ಅವುಗಳಲ್ಲಿ ಕೆನರಾ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್ ಎರಡೂ ನಮ್ಮ ಕರಾವಳಿಯಲ್ಲಿ ಹುಟ್ಟಿದವು. ರಿಕ್ಷಾ ಎಳೆಯುವವರೂ ಬೀದಿ ವ್ಯಾಪಾರಿಗಳೂ ಪ್ರಧಾನಿಯ ಮನೆ ಮುಂದೆ ಸೇರಿ ಜಯಕಾರ ಹಾಕಿದರು. ಮಂಡಳಿಯಲ್ಲಿ ಎರಡು ಮತ ಪಡೆದವರು ಒಂದೇ ವಾರದಲ್ಲಿ ಬೀದಿಯಲ್ಲಿ ಲಕ್ಷಾಂತರ ಜನರ ಒಲವು ಗಳಿಸಿದರು. ಹಂಗಾಮಿ ರಾಷ್ಟ್ರಪತಿಯಾಗಿದ್ದ ವಿ.ವಿ. ಗಿರಿ ರಾಜೀನಾಮೆ ಕೊಟ್ಟು ಸ್ವತಂತ್ರವಾಗಿ ಸ್ಪರ್ಧೆಗೆ ಇಳಿದರು.

ಇಲ್ಲಿ ನಿಜಲಿಂಗಪ್ಪ ಮಾಡಿದ ಒಂದು ಕೆಲಸ ಅವರಿಗೇ ಮುಳುವಾಯಿತು. ಅಧಿಕೃತ ಅಭ್ಯರ್ಥಿಗೆ ಎರಡನೇ ಪ್ರಾಶಸ್ತ್ಯದ ಮತ ಕೇಳಲು ಜನಸಂಘ ಮತ್ತು ಸ್ವತಂತ್ರ ಪಕ್ಷದ ನಾಯಕರನ್ನು ಕಂಡರು. ಅವರ ಲೆಕ್ಕದಲ್ಲಿ ಅದು ಪಕ್ಷದ ಅಭ್ಯರ್ಥಿಗಾಗಿ ಅಧ್ಯಕ್ಷನೊಬ್ಬ ಮಾಡಲೇಬೇಕಾದ ಮತಯಾಚನೆ. ಇಂದಿರಾ ಬಣ ಅದನ್ನು ಬಲಪಂಥೀಯರ ಜೊತೆಗಿನ ಒಳಸಂಚು ಎಂದು ಬಣ್ಣಿಸಿತು. ವಿಪ್ ಹೊರಡಿಸಿ ಎಂದು ಅಧ್ಯಕ್ಷರು ಕೇಳಿದರೆ ಪ್ರಧಾನಿ ಒಪ್ಪಲಿಲ್ಲ. ಆತ್ಮಸಾಕ್ಷಿಯ ಪ್ರಕಾರ ಮತ ಹಾಕಿ ಎಂದರು. ಆಗಸ್ಟ್ 16ರಂದು ಮತದಾನ, 20ರಂದು ಎಣಿಕೆ. ಮೊದಲ ಪ್ರಾಶಸ್ತ್ಯದ ಮತಗಳಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಎರಡನೇ ಪ್ರಾಶಸ್ತ್ಯ ಸೇರಿಸಿದಾಗ ಗಿರಿಯವರಿಗೆ 4,20,077, ರೆಡ್ಡಿಯವರಿಗೆ 4,05,427. ಕಾಂಗ್ರೆಸ್ಸಿನ ಪ್ರಧಾನಿಯೇ ಕಾಂಗ್ರೆಸ್ಸಿನ ಅಭ್ಯರ್ಥಿಯನ್ನು ಸೋಲಿಸಿದ್ದರು.

ಮುಂದಿನ ಮೂರು ತಿಂಗಳು ಅಧ್ಯಕ್ಷರಿಗೂ ಪ್ರಧಾನಿಗೂ ನಡುವೆ ಪತ್ರಗಳ ಯುದ್ಧ. ನಿಜಲಿಂಗಪ್ಪನವರ ಪತ್ರಗಳು ದೋಷಾರೋಪಣ ಪಟ್ಟಿಯಂತಿದ್ದವು: ಶಿಸ್ತುಭಂಗ, ವ್ಯಕ್ತಿಪೂಜೆ, ಪಕ್ಷದ ನಿರ್ಧಾರಕ್ಕೆ ದ್ರೋಹ. ಅವುಗಳಲ್ಲಿ ಸತ್ಯವಿತ್ತು. ಆದರೆ ದಾವೆ ಕೇಳಲು ನ್ಯಾಯಾಧೀಶರೇ ಇರಲಿಲ್ಲ. ಹೊಸ ಅಧ್ಯಕ್ಷರ ಆಯ್ಕೆಗೆಂದು ಇಂದಿರಾ ಬೆಂಬಲಿಗರು ಸಹಿ ಸಂಗ್ರಹ ಶುರುಮಾಡಿದಾಗ ಅಧ್ಯಕ್ಷರು ಕಾರ್ಯಕಾರಿ ಸಮಿತಿಯಿಂದ ಫಕ್ರುದ್ದೀನ್ ಅಲಿ ಅಹಮದ್ ಮತ್ತು ಸಿ. ಸುಬ್ರಮಣ್ಯಂ ಅವರನ್ನು ಕೈಬಿಟ್ಟರು. ಅಧ್ಯಕ್ಷನಿಗೆ ಆ ಅಧಿಕಾರ ಇದ್ದಿರಬಹುದು. ಆದರೆ ಸಮಿತಿಯ ಬಲಾಬಲ ಕೂದಲೆಳೆಯ ಮೇಲೆ ನಿಂತಿದ್ದಾಗ ಅದನ್ನು ಬಳಸಿದ್ದು ನ್ಯಾಯವಾಗಿ ಕಾಣಲಿಲ್ಲ. ನಿಯಮವನ್ನು ತನ್ನ ಬಲಕ್ಕೆ ಬಾಗಿಸಿಕೊಂಡ ಮೇಲೆ ಎದುರಾಳಿಗೆ ನಿಯಮ ಬೋಧಿಸುವ ನೈತಿಕ ಅಧಿಕಾರ ಕುಗ್ಗುತ್ತದೆ. ಅವರ ಇಡೀ ರಾಜಕೀಯ ಜೀವನದಲ್ಲಿ ನನಗೆ ಒಪ್ಪಲಾಗದ ಹೆಜ್ಜೆ ಇದೇ.

1969ರ ನವೆಂಬರ್ 1. ಕನ್ನಡಿಗರಿಗೆ ರಾಜ್ಯ ಕೂಡಿದ ದಿನ. ಅದೇ ದಿನ ದೆಹಲಿಯಲ್ಲಿ ಕಾಂಗ್ರೆಸ್ ಕಾರ್ಯಕಾರಿ ಸಮಿತಿಯ ಎರಡು ಸಭೆಗಳು ನಡೆದವು: ಒಂದು ಜಂತರ್ ಮಂತರ್ ರಸ್ತೆಯ ಪಕ್ಷದ ಕಚೇರಿಯಲ್ಲಿ ನಿಜಲಿಂಗಪ್ಪನವರ ಅಧ್ಯಕ್ಷತೆಯಲ್ಲಿ, ಇನ್ನೊಂದು ಪ್ರಧಾನಿಯ ಮನೆಯಲ್ಲಿ. ನವೆಂಬರ್ 12ರಂದು ಅಧ್ಯಕ್ಷರ ಬಣ ಇಂದಿರಾ ಗಾಂಧಿಯವರನ್ನು ಪಕ್ಷದಿಂದ ಉಚ್ಚಾಟಿಸಿತು. ಹತ್ತು ದಿನದ ನಂತರ ಇಂದಿರಾ ಬಣ ದೆಹಲಿಯಲ್ಲಿ ಕರೆದ ಸಭೆಗೆ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ 705 ಸದಸ್ಯರಲ್ಲಿ 446 ಮಂದಿ ಬಂದು, ನಿಜಲಿಂಗಪ್ಪನವರನ್ನೇ ಅಧ್ಯಕ್ಷ ಸ್ಥಾನದಿಂದ ತೆಗೆದರು. ಲೋಕಸಭೆಯ ಸುಮಾರು 220 ಕಾಂಗ್ರೆಸ್ಸಿಗರು ಪ್ರಧಾನಿಯ ಜೊತೆ ನಿಂತರು. ಸಂಸ್ಥಾ ಕಾಂಗ್ರೆಸ್ ಎಂಬ ಹೆಸರು ಉಳಿದದ್ದು ಸೋತವರಿಗೆ.

ಈ ಒಡಕು ಸಿದ್ಧಾಂತದ್ದೋ ಅಧಿಕಾರದ್ದೋ ಎಂಬ ಚರ್ಚೆ ವಿದ್ವಾಂಸರಲ್ಲಿ ಇನ್ನೂ ಮುಗಿದಿಲ್ಲ. ಎಡಕ್ಕೆ ಒಲಿದವರು ಅದನ್ನು ಬಡವರ ಪರ ಮತ್ತು ಯಥಾಸ್ಥಿತಿಯ ಪರ ಶಕ್ತಿಗಳ ಘರ್ಷಣೆ ಎನ್ನುತ್ತಾರೆ. ಇನ್ನು ಕೆಲವರು ಬ್ಯಾಂಕ್ ರಾಷ್ಟ್ರೀಕರಣ ಒಂದು ಆಯುಧ ಮಾತ್ರ, ಜಗಳ ಕುರ್ಚಿಯದೇ ಎನ್ನುತ್ತಾರೆ. ಘಟನೆಗಳ ತಾರೀಖುಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿದರೆ ಎರಡನೆಯವರ ಮಾತಿಗೆ ನನ್ನ ಮನಸ್ಸು ವಾಲುತ್ತದೆ. ಮಂಡಳಿಯಲ್ಲಿ ಸೋತ ವಾರದೊಳಗೇ ಸುಗ್ರೀವಾಜ್ಞೆ ಬಂದದ್ದು ಆಕಸ್ಮಿಕವಲ್ಲ. ಆದರೆ ಜನ ಅದನ್ನು ಸಿದ್ಧಾಂತವೆಂದೇ ನಂಬಿದರು, ನಂಬಿಕೆಯ ಮೇಲೆಯೇ ಮತ ಹಾಕಿದರು. ಬಡತನದ ಬಗ್ಗೆ ಜನಕ್ಕೆ ಅರ್ಥವಾಗುವ ಒಂದು ಮಾತೂ ಹಿರಿಯರ ಬಣದ ಬಳಿ ಇರಲಿಲ್ಲ. ಅವರ ಸೋಲಿನ ದೊಡ್ಡ ಕಾರಣ ಅದು.

1971ರ ಲೋಕಸಭಾ ಚುನಾವಣೆಯಲ್ಲಿ ಇಂದಿರಾ ಕಾಂಗ್ರೆಸ್ 352 ಸ್ಥಾನ ಗೆದ್ದಿತು, ಸಂಸ್ಥಾ ಕಾಂಗ್ರೆಸ್ಸಿಗೆ ಸಿಕ್ಕಿದ್ದು 16. ಮೈಸೂರಿನಲ್ಲಿ 27ಕ್ಕೆ 27 ಇಂದಿರಾ ಪಾಲು. ವೀರೇಂದ್ರ ಪಾಟೀಲರ ಸರ್ಕಾರ ಬಿತ್ತು. 1972ರಲ್ಲಿ ಮುಖ್ಯಮಂತ್ರಿಯಾದವರು ಒಂದು ಕಾಲಕ್ಕೆ ನಿಜಲಿಂಗಪ್ಪನವರ ಸಂಪುಟದಲ್ಲೇ ಇದ್ದ ದೇವರಾಜ ಅರಸು. ಎರಡು ಪ್ರಬಲ ಜಾತಿಗಳ ಹಿಡಿತದಿಂದ ರಾಜ್ಯದ ರಾಜಕೀಯವನ್ನು ಬಿಡಿಸಿದ ಹಿಂದುಳಿದ ವರ್ಗಗಳ ಹಾವನೂರು ಆಯೋಗ, 1974ರ ಭೂಸುಧಾರಣೆ, 1973ರಲ್ಲಿ 'ಕರ್ನಾಟಕ' ಎಂಬ ಹೆಸರು ಎಲ್ಲ ಬಂದದ್ದು ಈ ಒಡಕಿನ ಬೆನ್ನಿಗೆ. ಹಳೆಯ ಕಾಂಗ್ರೆಸ್ ಒಡೆಯದಿದ್ದರೆ ಅರಸು ಅವರಿಗೆ ದಾರಿ ತೆರೆಯುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಅದೇ ಒಡಕು ರಾಷ್ಟ್ರಮಟ್ಟದಲ್ಲಿ ಪಕ್ಷದ ಒಳಗಿನ ಚುನಾವಣೆ, ಚರ್ಚೆ, ಭಿನ್ನಮತಗಳನ್ನು ಕೊಂದು ಎಲ್ಲವನ್ನೂ ಒಬ್ಬರ ಇಚ್ಛೆಗೆ ಒಪ್ಪಿಸಿತು. 1975ರ ತುರ್ತುಪರಿಸ್ಥಿತಿಗೆ ನೆಲ ಹದವಾದದ್ದು ಅಲ್ಲೇ. ವ್ಯಕ್ತಿಪೂಜೆಯ ಬಗ್ಗೆ ನಿಜಲಿಂಗಪ್ಪ ಪತ್ರಗಳಲ್ಲಿ ಬರೆದ ಎಚ್ಚರಿಕೆ ಸರಿಯಾಗಿತ್ತು ಎಂದು ದೇಶಕ್ಕೆ ಗೊತ್ತಾಗಲು ಆರು ವರ್ಷ ಹಿಡಿಯಿತು.

ಅವರು ಚಿತ್ರದುರ್ಗಕ್ಕೆ ಮರಳಿದರು. ಇನ್ನೂ ಮೂವತ್ತು ವರ್ಷ ಬದುಕಿದರು, ಅಧಿಕಾರದ ಬಾಗಿಲಿಗೆ ಮತ್ತೆ ಹೋಗಲಿಲ್ಲ. ಆತ್ಮಕಥೆ ಬರೆದರು. ತಾವು ನಿಲ್ಲಿಸಿದ್ದ ಅಭ್ಯರ್ಥಿ ಸಂಜೀವ ರೆಡ್ಡಿ 1977ರಲ್ಲಿ ಅವಿರೋಧವಾಗಿ ರಾಷ್ಟ್ರಪತಿಯಾದದ್ದನ್ನು ಕಂಡರು. 2000ದ ಆಗಸ್ಟ್ 8ರಂದು, 97ರ ವಯಸ್ಸಿನಲ್ಲಿ ತೀರಿಕೊಂಡರು. ಊರಾಚೆ ಹೆದ್ದಾರಿಯ ಬದಿಯ ಸೀಬಾರದಲ್ಲಿ ಅವರ ಸ್ಮಾರಕವಿದೆ.

ಒಡಕಿನ ಇನ್ನೊಂದು ಪರಿಣಾಮ ನ್ಯಾಯಾಲಯದಲ್ಲಿ ಉಳಿದಿದೆ. ನೊಗ ಹೊತ್ತ ಜೋಡೆತ್ತಿನ ಚಿಹ್ನೆ ಯಾರದು ಎಂಬ ವ್ಯಾಜ್ಯ ಚುನಾವಣಾ ಆಯೋಗಕ್ಕೂ ಅಲ್ಲಿಂದ ಸುಪ್ರೀಂ ಕೋರ್ಟಿಗೂ ಹೋಯಿತು. ಪಕ್ಷದ ಸಂವಿಧಾನದ ಪ್ರಕಾರ ನಿಜಲಿಂಗಪ್ಪನವರನ್ನು ತೆಗೆದದ್ದೇ ಅಕ್ರಮ ಎಂಬುದು ಸಂಸ್ಥಾ ಕಾಂಗ್ರೆಸ್ಸಿನ ವಾದ. 1971ರ ಜನವರಿಯಲ್ಲಿ ಆಯೋಗ ಆ ವಾದವನ್ನು ಬದಿಗಿಟ್ಟು, ಪಕ್ಷದ ಸಂಘಟನೆಯಲ್ಲೂ ಶಾಸನಸಭೆಗಳಲ್ಲೂ ಬಹುಮತ ಯಾರಿಗಿದೆ ಎಂಬುದನ್ನೇ ಅಳತೆಗೋಲು ಮಾಡಿ ಇಂದಿರಾ ಬಣವೇ ಕಾಂಗ್ರೆಸ್ ಎಂದಿತು. ಸಂಸ್ಥಾ ಕಾಂಗ್ರೆಸ್ಸಿನ ಪ್ರಧಾನ ಕಾರ್ಯದರ್ಶಿ ಸಾದಿಕ್ ಅಲಿಯವರ ಹೆಸರಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. 2023ರ ಫೆಬ್ರುವರಿಯಲ್ಲಿ ಶಿವಸೇನೆಯ ಬಿಲ್ಲುಬಾಣವನ್ನೂ 2024ರ ಫೆಬ್ರುವರಿಯಲ್ಲಿ ಎನ್‌ಸಿಪಿಯ ಗಡಿಯಾರವನ್ನೂ ಯಾರಿಗೆ ಕೊಡಬೇಕೆಂದು ಚುನಾವಣಾ ಆಯೋಗ ತೀರ್ಮಾನಿಸಿದ್ದು ಇದೇ ಮೊಕದ್ದಮೆಯ ಬಹುಮತದ ಅಳತೆಗೋಲಿನಿಂದ.